ಕಿವುಡು ಸೇಬಿನ ಮರ

“ಯಾರ ಮನೇಲಾದ್ರೂ ಒಂದು ಚೂರು ಹಿಂಗು ಇದ್ಯಾ?”

ಅಂಗಳದಲ್ಲಿ ನಿಂತು, ಯಾರ ಮುಖವನ್ನೂ ನೋಡದೆ, ಗಾಳಿಗೆ ಕೇಳಿದ ಹಾಗೆ ಕೇಳಿದೆ. ಒಳಗೆ ಸಾರು ಕುದಿಯುತ್ತಿತ್ತು. ನಮ್ಮೂರಿನಲ್ಲಿ ಹೀಗೆ ಯಾರನ್ನೂ ಕೇಳದೆ ಕೇಳುವುದೇ ವಾಡಿಕೆ. ಬಾಗಿಲ ಮುಂದಿನ ಸೇಬಿನ ಮರದ ಪಕ್ಕ ನಿಂತು ಮಾತಾಡಿದರೆ ಆಯಿತು, ಊರಿನ ಎಲ್ಲ ಬಾಗಿಲ ಮುಂದಿನ ಸೇಬಿನ ಮರಗಳೂ ಅದೇ ಮಾತನ್ನು ಅದೇ ದನಿಯಲ್ಲಿ ಆಡುತ್ತವೆ. ಹಿಂಗು ಕೇಳಿದರೆ ಮರದೊಳಗಿಂದ ಒಬ್ಬರು “ಬಂದು ತಗೊಂಡು ಹೋಗಿ” ಅನ್ನುತ್ತಾರೆ, ಇನ್ನೊಬ್ಬರು “ಹೋದ ಸಲ ತಗೊಂಡ ಮೆಂತ್ಯ ಏನಾಯ್ತು?” ಅನ್ನುತ್ತಾರೆ, ಸಂಬಂಧವೇ ಇಲ್ಲದ ಮೂರನೆಯವರು ಹಿಂಗು ಹಾಕಿದರೆ ಸಾರು ಕೆಡುತ್ತದೆ ಎಂದು ವಾದಕ್ಕಿಳಿಯುತ್ತಾರೆ.

ಆ ದಿನ ಯಾರೂ ಏನೂ ಅನ್ನಲಿಲ್ಲ. ಮತ್ತೆ ಕೇಳಿದೆ. ಮರ ಸುಮ್ಮನೆ ನಿಂತಿತ್ತು. ಹೊಸ ಮರ, ಚಳಿಗಾಲದಲ್ಲಿ ನೆಟ್ಟದ್ದು, ಆಗಷ್ಟೇ ಎಲೆ ಬಿಚ್ಚಿತ್ತು. ಎಲೆ ಬಂದ ಮೇಲೆ ಮಾತು ಬರುವುದು ಮರಗಳ ಪದ್ಧತಿ. ಎಳೆಯದಲ್ಲವೇ, ನಾಚಿಕೆ ಇರಬಹುದು ಅಂದುಕೊಂಡು ಮೂರನೆಯ ಸಲ ಸ್ವಲ್ಪ ಜೋರಾಗಿಯೇ ಕೇಳಿದೆ.

ಪಕ್ಕದ ಮನೆಯ ಪಂಕಜ ಗೋಡೆಯ ಮೇಲಿಂದ ಇಣುಕಿದಳು. “ಏನ್ ಅಂಬುಜಕ್ಕ, ಒಬ್ಬರೇ ಮಾತಾಡ್ಕೋತಿದೀರಾ? ಹುಷಾರಾಗಿದೀರಾ?”

“ನಿಮ್ಮ ಮರದಲ್ಲಿ ನನ್ನ ದನಿ ಬರಲಿಲ್ವೇನೆ?”

“ಬೆಳಗಿಂದ ಬರ್ತಿರೋದು ಕಂಚಿನ ಅಂಗಡಿಯವರ ಜಗಳ ಒಂದೇ.”

ನನ್ನ ಮರ ಕಿವುಡು ಎಂದು ನನಗೆ ತಿಳಿದದ್ದು ಹೀಗೆ. ಅಂದು ಸಾರು ಹಿಂಗಿಲ್ಲದೆಯೇ ಇಳಿಯಿತು.

ನಮ್ಮೂರು ಇರುವುದು ಒಂದು ಗುಡ್ಡದ ನೆತ್ತಿಯ ಮೇಲೆ. ನೆತ್ತಿ ಎಷ್ಟು ಸಪೂರವೆಂದರೆ ಎರಡು ಸಾಲು ಮನೆ, ನಡುವೆ ಒಂದು ಬೀದಿ, ಅಷ್ಟಕ್ಕೇ ಜಾಗ ಮುಗಿಯುತ್ತದೆ. ಇಂಥಲ್ಲಿ ಕೈಚಾಚಿ ಬೆಳೆಯುವ ಮರಕ್ಕೆ ಎಡೆಯೆಲ್ಲಿ? ನಮ್ಮ ಸೇಬುಗಳು ಕಂಬದ ಹಾಗೆ ನೆಟ್ಟಗೆ ಏಳುತ್ತವೆ. ಕೊಂಬೆ ಎಂಬುದಿಲ್ಲ. ಗೆಣ್ಣಿಗೆ ಗೆಣ್ಣು ಒತ್ತಿಕೊಂಡು, ಎಲೆಗೆ ಎಲೆ ಅಂಟಿಕೊಂಡು, ಹಣ್ಣುಗಳು ಕಾಂಡಕ್ಕೇ ಕಚ್ಚಿಕೊಂಡು ಬುಡದಿಂದ ತುದಿಯವರೆಗೆ ಗೆಜ್ಜೆ ಕಟ್ಟಿದ ಹಾಗೆ ಕಾಣುತ್ತವೆ. ಒಂದು ಬುಟ್ಟಿ ಇಡುವಷ್ಟು ನೆಲವಿದ್ದರೆ ಒಂದು ಮರವಾಯಿತು. ನೆರಳು ಮಾತ್ರ ಹಗ್ಗದಷ್ಟು. ಬೇಸಿಗೆಯಲ್ಲಿ ನೆಂಟರು ಬಂದರೆ ಒಬ್ಬರ ಹಿಂದೆ ಒಬ್ಬರನ್ನು ಕೂರಿಸಿ ಉಪಚಾರ ಮಾಡುತ್ತೇವೆ. ನೆರಳು ಸರಿದಂತೆ ನೆಂಟರೂ ಸರಿಯುತ್ತಾರೆ.

ಇವೆಲ್ಲ ಒಂದೇ ಮರದ ಮಕ್ಕಳು ಎಂದರೆ ತಪ್ಪಾಗುತ್ತದೆ. ಇವೆಲ್ಲ ಒಂದೇ ಮರ. ಯಾವುದೋ ಕಾಲದಲ್ಲಿ, ಎಲ್ಲ ಸೇಬುಗಳ ಹಾಗೆ ಹರಡಿಕೊಂಡಿದ್ದ ಒಂದು ಮರದ ನೆತ್ತಿಯಲ್ಲಿ ಒಂದು ಕಡ್ಡಿ ಮಾತ್ರ ಇದ್ದಕ್ಕಿದ್ದಂತೆ ನೆಟ್ಟಗೆ ನಿಂತಿತಂತೆ. ಯಾಕೆ ಎಂದು ಕಡ್ಡಿಯೂ ಹೇಳಲಿಲ್ಲ, ಮರವೂ ಹೇಳಲಿಲ್ಲ. ಕಸಿಯ ದ್ಯಾವಣ್ಣನ ಮುತ್ತಜ್ಜನೋ ಅವರಜ್ಜನೋ ಆ ಕಡ್ಡಿಯನ್ನು ತಂದು ಬೇರೆ ಬೇರಿನ ಮೇಲೆ ಕಟ್ಟಿದರು. ಅದರಿಂದ ಕಡ್ಡಿ ತೆಗೆದು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ಹೀಗೆ ಊರಿನ ಉದ್ದಕ್ಕೂ ಒಂದೇ ಮರ ಬೇರೆ ಬೇರೆ ಬಾಗಿಲಲ್ಲಿ ನಿಂತಿದೆ. ಒಂದು ಕಡೆ ಆಡಿದ್ದು ಇನ್ನೊಂದು ಕಡೆ ಕೇಳುವುದರಲ್ಲಿ ನಮಗೇನೂ ಸೋಜಿಗವಿಲ್ಲ. ಜಗಳವಾಡುವವರು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಅಷ್ಟೇ.

ನಾನು ದ್ಯಾವಣ್ಣನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ನನ್ನನ್ನು ಕಂಡದ್ದೇ ಮಸೆಯುವ ರಭಸ ಹೆಚ್ಚಾಯಿತು.

“ದ್ಯಾವಣ್ಣ, ನಂಗೆ ಕೊಟ್ಟಿದ್ದು ಎಂಥ ಗಿಡ?”

“ಯಾಕಮ್ಮ, ನೆಟ್ಟಗಿಲ್ವಾ? ಗೆಣ್ಣು ಒತ್ತಾಗಿಲ್ವಾ? ಕಂಬ ಅಂದ್ರೆ ಅದು ಕಂಬ!”

“ನೆಟ್ಟಗಿದೆ. ಮಾತಾಡಲ್ಲ.”

ಅವನು ಕತ್ತಿ ಕೆಳಗಿಟ್ಟ. “ಕೋಪ ಮಾಡ್ಕೋಬೇಡಿ. ಹೋದ ವರ್ಷ ಕಸಿ ಕಡ್ಡಿಗೆಲ್ಲಾ ಹುಳ ಬಿತ್ತು. ನಿಮ್ಮ ಹಳೇ ಮರ ಒಣಗಿತ್ತು, ಬಾಗಿಲು ಬೋಳಾಗಿತ್ತು, ನೋಡೋಕಾಗ್ಲಿಲ್ಲ. ಅದಕ್ಕೇ ಬೀಜದ ಗಿಡ ಕೊಟ್ಟೆ.”

“ಬೀಜದ್ದು ನೆಟ್ಟಗೆ ಹೇಗೆ ಬೆಳೀತು?”

ಈ ಪ್ರಶ್ನೆಗೆ ಕಾಯುತ್ತಿದ್ದವನ ಹಾಗೆ ಅವನು ಹತ್ತಿರ ಸರಿದು ಕೂತ. “ಕೇಳಿ. ನಮ್ಮ ಕಂಬಗಳ ಹೂವು ಒಂದರಿಂದೊಂದು ಕಾಯಿ ಕಟ್ಟಲ್ಲ. ಎಲ್ಲಾ ಒಂದೇ ಮರ ಅಲ್ವಾ, ತನಗೆ ತಾನೇ ತಾಳಿ ಕಟ್ಕೊಳೋಕಾಗತ್ತಾ? ಗುಡ್ಡದ ಕೆಳಗೆ ಕಾಡುಸೇಬು ಇದೆ ನೋಡಿ, ಕೈಕಾಲು ಚಾಚ್ಕೊಂಡು ಬಿದ್ದಿರೋ ಸೋಮಾರಿ, ಅವನೇ ಎಲ್ಲಾ ಬೀಜಕ್ಕೂ ಅಪ್ಪ. ಜೇನುನೊಣ ಪುರೋಹಿತರು. ಈಗ ಒಂದೊಂದು ಮರದ ಹತ್ರಾನೂ ಎರಡೆರಡು ಮಾತು ಇರತ್ತೆ. ಕಾಡುಸೇಬಿನ ಹತ್ರ ಇರೋ ಎರಡೂ ಮಾತು ‘ಹರಡು’, ‘ಹರಡು’. ನಮ್ಮ ಕಂಬದ ಹತ್ರ ‘ನಿಲ್ಲು’ ಒಂದು, ‘ಹರಡು’ ಒಂದು. ಬೀಜಕ್ಕೆ ಅಪ್ಪ ಒಂದು ಮಾತು ಕೊಡ್ತಾನೆ, ಅಮ್ಮ ಒಂದು ಮಾತು ಕೊಡ್ತಾಳೆ. ಅಮ್ಮ ಏನಾದ್ರೂ ‘ನಿಲ್ಲು’ ಅಂದ್ಲೋ, ಮುಗೀತು. ಅಪ್ಪ ಎಷ್ಟು ಬಡ್ಕೊಂಡ್ರೂ ಗಿಡ ನೆಟ್ಟಗೇ ನಿಲ್ಲತ್ತೆ. ನಮ್ಮನೇಲೂ ಹಂಗೇ.”

ಒಳಗಿಂದ ಅವನ ಹೆಂಡತಿ ಕೆಮ್ಮಿದಳು.

“ಅಮ್ಮನೂ ‘ಹರಡು’ ಅಂದ್ರೆ?”

“ಪೊದೆ. ಅರ್ಧಕ್ಕರ್ಧ ಪೊದೆಗಳೇ. ಎರಡನೇ ವರ್ಷಕ್ಕೆ ಗೊತ್ತಾಗತ್ತೆ, ಅವನ್ನ ಕಿತ್ತು ಒಲೆಗೆ ಹಾಕ್ತೀನಿ. ನಿಂತವುಗಳಲ್ಲಿ ಚೆನ್ನಾಗಿರೋದು ಒಂದನ್ನ ನಿಮಗೆ ಕೊಟ್ಟೆ. ಅಮ್ಮನ ಥರಾನೇ ನಿಂತಿದೆ. ಅಮ್ಮ ಅಲ್ಲ, ಅಷ್ಟೇ.”

ಅಷ್ಟೇ ಎಂದು ಅವನು ಅಂದುಬಿಟ್ಟ. ನನಗೆ ಅದು ಅಷ್ಟೇ ಆಗಿರಲಿಲ್ಲ. ಊರಿನ ನಡುವೆ ಚಾವಡಿ ಇದೆ. ಅಲ್ಲಿನ ಮರದ ಕೆಳಗೆ ಒಂದು ಕಲ್ಲಿನ ಪೀಠ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿದಂಬರಯ್ಯನವರು ಅಲ್ಲಿ ಕೂತು ಕಾವ್ಯ ಓದುತ್ತಾರೆ. ಓದುತ್ತಾರೆ ಎನ್ನುವುದು ಮಾತಿಗೆ. ಅವರ ಮುಂದೆ ಪುಸ್ತಕವಿರುವುದಿಲ್ಲ, ಎಲ್ಲವೂ ಬಾಯಲ್ಲಿ. ಅವರು ಗಮಕಿಗಳು. ಪೀಠದಲ್ಲಿ ಅವರು ಎತ್ತಿದ ರಾಗ ಅದೇ ಕ್ಷಣಕ್ಕೆ ನಮ್ಮ ನಮ್ಮ ಅಂಗಳದಲ್ಲಿ ಏಳುತ್ತದೆ. ನಮ್ಮಮ್ಮ ನನ್ನ ತೊಟ್ಟಿಲನ್ನು ಮರದ ಪಕ್ಕಕ್ಕೆ ಎಳೆದು ಬಿಟ್ಟಿರುತ್ತಿದ್ದರಂತೆ. ನನಗೆ ಮಾತು ಬರುವ ಮೊದಲೇ ಷಟ್ಪದಿ ಬಂದಿತ್ತು ಎಂದು ಮನೆಯವರು ಹಾಸ್ಯ ಮಾಡುತ್ತಿದ್ದರು. ದೊಡ್ಡವಳಾದ ಮೇಲೆ ಕೌದಿ ಹೊಲಿಯುವುದು ನನ್ನ ಕಸುಬಾಯಿತು. ಪದ್ಯದ ನಡೆಗೆ ಸೂಜಿ ಏರಿಳಿಯುತ್ತದೆ. ನಿಧಾನದ ಭಾಗ ಬಂದ ವಾರದ ಕೌದಿಯಲ್ಲಿ ಹೊಲಿಗೆ ದೂರ ದೂರ, ಯುದ್ಧದ ವಾರದ್ದರಲ್ಲಿ ಒತ್ತೊತ್ತು. ದೇವರ ಮನೆಯಲ್ಲಿ ನಾನು ಏನನ್ನೂ ಬೇಡಿದವಳಲ್ಲ. ಸಂಜೆಯಾದರೆ ಕೈಕಾಲು ತೊಳೆದು ಮರದ ಬುಡದಲ್ಲಿ ಕೂರುತ್ತಿದ್ದೆ, ನನ್ನ ಪೂಜೆ ಅದೇ.

ಈಗ ಊರೆಲ್ಲ ರಾಗವೇಳುವ ಹೊತ್ತಿಗೆ ನನ್ನ ಅಂಗಳದಲ್ಲಿ ಎಲೆಯ ಸದ್ದು. ಪಂಕಜನ ಅಂಗಳಕ್ಕೆ ಹೋಗಿ ಕೂತರೆ ಅವಳು ಪ್ರತಿ ಪದ್ಯಕ್ಕೂ “ಆಮೇಲೆ ಏನಾಗತ್ತೆ ಗೊತ್ತಾ?” ಎಂದು ನನಗೇ ಕತೆ ಹೇಳುತ್ತಾಳೆ. ಈ ಕಂಬದ ನೆತ್ತಿ ಕಡಿದು ಊರ ಮರದ ಕಡ್ಡಿ ಕಟ್ಟಿಕೊಡು ಎಂದು ದ್ಯಾವಣ್ಣನನ್ನು ಕೇಳಿದೆ. ರಸ ಏರುವ ಕಾಲ ದಾಟಿತು, ಮುಂದಿನ ಚಳಿ ಕಳೆಯಲಿ ಎಂದ.

ಅಷ್ಟರಲ್ಲಿ ನನ್ನ ಅಂಗಳಕ್ಕೆ ಜನ ಬರತೊಡಗಿದರು.

ಮೊದಲು ಬಂದವರು ಹೊಸದಾಗಿ ಮದುವೆಯಾದ ಜೋಡಿ. “ಅಕ್ಕ, ಸುಮ್ನೆ ಹೀಗೇ ಬಂದ್ವಿ” ಅಂದರು, ಮರದ ಕೆಳಗೆ ಕೂತು ಪಿಸಪಿಸ ಮಾಡಿ, ಕೆನ್ನೆ ಕೆಂಪಗೆ ಮಾಡಿಕೊಂಡು ಹೋದರು. ಆಮೇಲೆ ಪಂಕಜ ತನ್ನ ಅತ್ತೆಯನ್ನು ಬೈಯಲು ಬಂದಳು. ಅವಳು ಹೋದ ಮೇಲೆ ಅವಳ ಅತ್ತೆ ಬಂದರು. ಕಂಚಿನ ಅಂಗಡಿಯ ಅಣ್ಣತಮ್ಮಂದಿರು ಬಂದು, ವರ್ಷಗಳಿಂದ ಊರಿಗೆಲ್ಲ ಕೇಳುವಂತೆ ಆಡುತ್ತಿದ್ದ ಜಗಳವನ್ನು ಇಲ್ಲಿ ಯಾರಿಗೂ ಕೇಳದಂತೆ ಆಡಲು ನೋಡಿದರು. ಕೇಳುವವರಿಲ್ಲವೆಂದ ಮೇಲೆ ಜಗಳಕ್ಕೆ ರುಚಿ ಹತ್ತದೆ ರಾಜಿಯಾಗಿ ಎದ್ದುಹೋದರು. ನಾನು ಕೌದಿ ಹೊಲಿಯುತ್ತ ಮೂಲೆಯಲ್ಲಿ ಇರುತ್ತಿದ್ದೆ. ನಾನಿರುವುದು ಯಾರಿಗೂ ಅಡ್ಡಿಯಾಗಲಿಲ್ಲ. ಅಂಬುಜಮ್ಮನಿಗೆ ಹೇಳಿದ್ದೂ ಒಂದೇ, ಮರಕ್ಕೆ ಹೇಳಿದ್ದೂ ಒಂದೇ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಊರಿನ ಅಧ್ಯಕ್ಷರಾದ ಮರಿಗೌಡರು ಬಂದದ್ದು ಮಾತಾಡಲಿಕ್ಕಲ್ಲ. ಮಧ್ಯಾಹ್ನ ಉಂಡ ಮೇಲೆ ಅಂಗಳದಲ್ಲಿ ಮಲಗುವುದು ಅವರ ಅಭ್ಯಾಸ. ಅವರ ಗೊರಕೆ ಊರಿಗೆಲ್ಲ ಗೊತ್ತು. ಹೆಂಗಸರು ಅದು ಶುರುವಾದಾಗ ಅಕ್ಕಿ ನೆನೆಹಾಕಿ, ನಿಂತಾಗ ರುಬ್ಬಲು ಕೂರುತ್ತಿದ್ದರು. ಸಭೆಯಲ್ಲಿ ಗೌಡರು ಎಷ್ಟೇ ಗಂಭೀರವಾಗಿ ಮಾತಾಡಲಿ, ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಮೂಗಿನಲ್ಲಿ ಸಣ್ಣಗೆ ಸದ್ದು ಮಾಡಿದರೆ ಸಭೆ ಕೆಡುತ್ತಿತ್ತು.

“ಅಂಬುಜಮ್ಮ, ಒಂದು ಗಳಿಗೆ ಇಲ್ಲಿ ಒರಗಿಕೊಳ್ಳಲಾ?” ಎಂದರು, ಮಗುವಿನ ಹಾಗೆ. ಚಾಪೆ ಹಾಸಿಕೊಟ್ಟೆ. ಗೋಡೆ ನಡುಗುವಂತೆ ಮಲಗಿ, ಎದ್ದು, “ಮದುವೆಯಾದಮೇಲೆ ಇಷ್ಟು ನಿಶ್ಚಿಂತೆಯಾಗಿ ನಿದ್ದೆ ಮಾಡಿದ್ದು ಇವತ್ತೇ” ಎಂದು ಕೈಮುಗಿದು ಹೋದರು. ಹಾಗೆ ಕೆಲವು ದಿನ ನಡೆಯಿತು.

ಒಂದು ಮಧ್ಯಾಹ್ನ ಚಿದಂಬರಯ್ಯನವರು ಕೋಲೂರಿಕೊಂಡು ಬಂದರು. ಅವರನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದೇ ಕಡಿಮೆ. ಎದ್ದು ನಮಸ್ಕಾರ ಮಾಡಿ ಮಣೆ ಹಾಕಿದೆ.

“ಅಂಬುಜಾ, ನಿನ್ನ ಮರಕ್ಕೆ ಕಿವಿ ಇಲ್ಲವಂತೆ, ನಿಜವೇನಮ್ಮ?”

“ಹೌದು ಅಯ್ನೋರೆ.”

“ನಿನಗಿದೆ ಅಂತ ಗೊತ್ತು. ನಿಮ್ಮಮ್ಮ ಹೇಳ್ತಿದ್ಲು, ಮಗು ಪದ್ಯ ಕೇಳದೆ ಹಾಲು ಕುಡಿಯಲ್ಲ ಅಂತ.” ಸ್ವಲ್ಪ ಹೊತ್ತು ಕೋಲಿನ ತುದಿಯಿಂದ ನೆಲ ಕೆರೆದರು. “ಒಂದು ಭಾಗ ಹೇಳ್ತೀನಿ. ಎಲ್ಲಾದ್ರೂ ನಿಂತರೆ ಎತ್ತಿಕೊಡು. ಯಾರಿಗೂ ಹೇಳಬೇಡ.”

ಅವರು ಎತ್ತಿಕೊಂಡದ್ದು ಹೊಳೆ ದಾಟುವ ಭಾಗ. ಕಾವ್ಯದ ಕೊನೆಯಲ್ಲಿ ಬರುತ್ತದೆ: ಹರಕೆ ಹೊತ್ತ ತಾಯಿ ಮಗುವನ್ನು ದಡದಲ್ಲಿ ಬಿಟ್ಟು ಹೊಳೆಗಿಳಿಯುತ್ತಾಳೆ. ನನ್ನ ಅಂಗಳದಲ್ಲಿ, ನನ್ನೊಬ್ಬಳಿಗಾಗಿ, ಆ ದನಿ. ನನ್ನ ಸೂಜಿ ತಾನಾಗಿ ನಿಂತಿತು.

“ಹೊಳೆಯ ದಾಟುತ ತಾಯಿ ತಿರುಗಿದ
ಳೆಳೆಯ ಮಗುವಿನ ಕರೆಯ ಕೇಳುತ…”

ಅಲ್ಲಿಗೆ ನಿಂತುಹೋಯಿತು. ಬಾಯಿ ತೆರೆದೇ ಇತ್ತು, ದನಿ ಇಲ್ಲ. ಕಣ್ಣು ಮರದ ಬುಡದಲ್ಲಿ ಏನನ್ನೋ ಹುಡುಕುತ್ತಿತ್ತು. ನಾನು ಮೆಲ್ಲಗೆ ಎತ್ತಿಕೊಟ್ಟೆ: “ಅಳಲ ನುಂಗುತ ನಿಂತಳೊಂದೇ ಗಳಿಗೆ ತಾ.” “ಹೂಂ, ಹೂಂ” ಅಂದರು, ಅದನ್ನೇ ಹೇಳಿದರು, ಮುಂದಿನದಕ್ಕೆ ಮತ್ತೆ ನಿಂತರು. ಎತ್ತಿಕೊಟ್ಟೆ. ಮತ್ತೆ ನಿಂತರು. ಎತ್ತಿಕೊಟ್ಟಷ್ಟೂ ಬರುತ್ತಿತ್ತು, ಅದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ಬರುತ್ತಿರಲಿಲ್ಲ.

“ಹೀಗೇ ಆಗ್ತಿದೆ ಕಣಮ್ಮ. ಬೇರೆಲ್ಲಾ ಇದೆ. ಈ ಹೊಳೆ ಒಂದು ದಾಟೋಕಾಗ್ತಿಲ್ಲ. ಹಣ್ಣಿನ ಕಾಲಕ್ಕೆ ಕಾವ್ಯ ಮುಗಿಯೋ ದಿನ ಬರತ್ತೆ. ಅವತ್ತು ಇಲ್ಲಿ ನಿಂತರೆ ಸಿಪ್ಪೆ ಬೀಳತ್ತೆ.”

ಸಿಪ್ಪೆಯ ವಿಷಯ ಹೇಳಬೇಕು. ಕಾವ್ಯ ಮುಗಿಯುವ ದಿನ ಇಡೀ ಊರು ಚಾವಡಿಯಲ್ಲಿ ಸೇರುತ್ತದೆ. ಗಮಕಿಯ ಎದುರು ಅಧ್ಯಕ್ಷರು ಒಂದು ಸೇಬು, ಒಂದು ಚಾಕು ಹಿಡಿದು ಕೂರುತ್ತಾರೆ. ಗಮಕಿ ನಡುವೆ ನಿಂತುಬಿಟ್ಟರೆ ಅಧ್ಯಕ್ಷರು ಸಿಪ್ಪೆ ಸುಲಿಯಲು ಶುರುಮಾಡುತ್ತಾರೆ. ಯಾರೂ ಪದ ಎತ್ತಿಕೊಡುವಂತಿಲ್ಲ. ಸಿಪ್ಪೆ ತುಂಡಾಗದೆ ಒಂದೇ ಎಳೆಯಾಗಿ ಕೆಳಗೆ ಬೀಳುವುದರೊಳಗೆ ಗಮಕಿ ಮುಂದುವರಿಸದಿದ್ದರೆ ಪೀಠ ಬೇರೆಯವರಿಗೆ. ಚಿದಂಬರಯ್ಯನವರ ಕಾಲದಲ್ಲಿ ಚಾಕು ಹಣ್ಣಿಗೆ ತಾಗಿದ್ದೇ ಇಲ್ಲ. ಅಧ್ಯಕ್ಷರು ಆ ಸೇಬನ್ನು ಕೊನೆಯಲ್ಲಿ ತಾವೇ ತಿಂದು ಮನೆಗೆ ಹೋಗುತ್ತಿದ್ದರು.

ಅಂದಿನಿಂದ ಮಧ್ಯಾಹ್ನಗಳು ಅವರದ್ದಾದವು. ಗೌಡರಿಗೆ, “ಈ ಹೊತ್ತಿಗೆ ಬೇರೆಯವರು ಬರ್ತಾರೆ ಗೌಡ್ರೆ, ಬೆಳಿಗ್ಗೆ ಬನ್ನಿ” ಅಂದೆ. “ಬೆಳಿಗ್ಗೆ ಯಾರಿಗೆ ನಿದ್ದೆ ಬರತ್ತಮ್ಮ?” ಎಂದು ಸಪ್ಪಗೆ ಹೋದರು.

ಎಷ್ಟು ದಿನ ಎತ್ತಿಕೊಟ್ಟರೂ ಹೊಳೆ ಹೊಳೆಯಾಗಿಯೇ ಉಳಿಯಿತು. ಒಂದು ದಿನ ಸೂಜಿ ಚುಚ್ಚಿಕೊಂಡ ಅವಸರದಲ್ಲಿ ನನ್ನ ಬಾಯಿ ತಪ್ಪಿತು. “ಅಳಲ ನುಂಗುತ ಕುಳಿತಳೊಂದೇ” ಅಂದುಬಿಟ್ಟೆ.

ಚಿದಂಬರಯ್ಯನವರು ಕೋಲನ್ನು ನೆಲಕ್ಕೆ ಕುಟ್ಟಿದರು. “ಕುಳಿತಳಾ? ನಡುಹೊಳೇಲಿ ಕುಳಿತಳಾ? ಮುಳುಗಿ ಹೋಗ್ತಾಳೆ ಕಣೇ ದಡ್ಡಿ! ನಿಂತಳು! ನಿಂತಳೊಂದೇ ಗಳಿಗೆ ತಾ!” ಆ ಸಿಟ್ಟಿನಲ್ಲೇ ಮುಂದಿನ ಪದ್ಯ, ಅದರ ಮುಂದಿನದು, ತಾಯಿ ಆಚೆ ದಡ ಸೇರುವವರೆಗೂ ಎಲ್ಲ ಸುರಿಯಿತು. ಮುಗಿಸಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

“ನಾಳೆ ಇನ್ನೂ ಸ್ವಲ್ಪ ತಪ್ಪಾಗಿ ಹೇಳು” ಎಂದರು.

ನನಗೆ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ. ಎಳವೆಯಿಂದ ಕಿವಿಯಲ್ಲಿಟ್ಟು ಕಾಪಾಡಿದ್ದನ್ನು ಬೇಕೆಂದೇ ಕೆಡಿಸುವುದು ಪುಸ್ತಕದ ಮೇಲೆ ಕಾಲಿಟ್ಟಂತೆ. ಪ್ರತಿ ಸಲ ಒಳಗೆ ಹೋಗಿ ದೇವರಿಗೆ ಕೈಮುಗಿದು, ತಪ್ಪಾಯಿತು ಎಂದು ಮುಂಗಡವಾಗಿಯೇ ಹೇಳಿ ಬಂದು ತಪ್ಪು ಹೇಳುತ್ತಿದ್ದೆ. ಅವರು ಬೈಯುತ್ತಿದ್ದರು, ಪದ್ಯ ಬರುತ್ತಿತ್ತು. ಆ ಬೇಸಿಗೆ ಹಾಗೆ ಸುಖವಾಗಿ ಕಳೆಯಿತು.

ಹಣ್ಣಿಗೆ ಬಣ್ಣ ಏರುವ ಹೊತ್ತು. ಚಿದಂಬರಯ್ಯನವರು ಹೊಳೆಗಿಳಿದು, ಎಂದಿನಂತೆ ನಿಂತಿದ್ದರು. ನಾನು ತಪ್ಪು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಮರ ಗೊರಕೆ ಹೊಡೆಯಿತು.

ಇಬ್ಬರೂ ಬೆಚ್ಚಿದೆವು. ಒಂದು ಮಾತನ್ನೂ ಆಡದ ಮರ. ಮತ್ತೆ ಹೊಡೆಯಿತು: ಉದ್ದನೆಯ ಎಳೆತ, ಕೊನೆಯಲ್ಲಿ ಒಂದು ಸಿಳ್ಳೆ. ಊರಲ್ಲಿ ಆ ಸಿಳ್ಳೆಯನ್ನು ಗುರುತಿಸದವರಿಲ್ಲ.

“ಗೌಡರು!” ಚಿದಂಬರಯ್ಯನವರ ಮುಖ ಬಿಳಿಚಿತು.

ದ್ಯಾವಣ್ಣನನ್ನು ಹುಡುಕಿ ಹಿಡಿದೆ. ಈ ಸಲ ಮಸೆಯಲು ಕೈಯಲ್ಲಿ ಕತ್ತಿಯೂ ಇರಲಿಲ್ಲ. “ಗೌಡ್ರು ಕಾಲು ಹಿಡ್ಕೊಳೋದೊಂದು ಬಾಕಿ ಇತ್ತು ಅಂಬುಜಮ್ಮ. ಕಾಲ ಮೀರಿದ್ರೂ ನಿಮ್ಮ ಮರದ ಒಂದು ಕಡ್ಡಿ ತಗೊಂಡು ಅವರ ಹಿತ್ತಲಲ್ಲಿ ಕಟ್ಟಿದೆ. ಹೇಗೋ ಹಿಡ್ಕೊಂಡು ಈಗ ಎಲೆ ಬಿಟ್ಟಿದೆ. ಕಿವುಡು ಮರದ ಕಡ್ಡಿ ಅಲ್ವಾ, ಅದೂ ಕಿವುಡೇ ಅಂದ್ಕೊಂಡೆ.”

“ಕಿವುಡಲ್ಲ ದ್ಯಾವಣ್ಣ. ಅದು ಒಂಟಿಯಾಗಿತ್ತು. ತನ್ನದೇ ಇನ್ನೊಂದು ತುಂಡು ಎಲ್ಲೂ ಇರಲಿಲ್ಲ, ಯಾರ ಹತ್ರ ಮಾತಾಡತ್ತೆ? ಈಗ ಎರಡಾಯ್ತು.”

ಅವನು ತಲೆ ಕೆರೆದುಕೊಂಡ. “ಅಂದ್ರೆ ನಮ್ಮ ಮನೆಯವಳು ನಿಮ್ಮಲ್ಲಿ ಬಂದು ಹೇಳಿದ್ದೆಲ್ಲಾ…?”

“ಗೌಡರು ಎಚ್ಚರ ಇದ್ದಿದ್ರೆ ಕೇಳಿರ್ತಾರೆ.”

ಗೌಡರು ಮರುದಿನ ಬೆಳಿಗ್ಗೆಯೇ ಬಂದರು. ಮುಖದಲ್ಲಿ ಸಂಕೋಚವಿತ್ತು. “ಕಡ್ಡಿ ಕದ್ದಿದ್ದು ತಪ್ಪೇ, ಅಂಬುಜಮ್ಮ. ಆದ್ರೆ ಕಿವಿಗೆ ಬಿದ್ದಿದ್ದನ್ನ ಬಿದ್ದಿಲ್ಲ ಅನ್ನೋಕಾಗಲ್ಲ. ಮೊನ್ನೆ ಹೊಳೆ ಪದ್ಯದಲ್ಲಿ ಅಯ್ನೋರು ನಿಂತುಹೋದ್ರು. ಆಮೇಲೆ ನಂಗೆ ನಿದ್ದೆ ಬಂತು, ಒಳಗೆ ಹೋಗಿ ಮಲಗಿದೆ. ನಿನ್ನೇನೂ ಅಲ್ಲೇ ನಿಂತರು. ಮತ್ತೆ ನಿದ್ದೆ ಬಂತು.”

“ಗೌಡ್ರೆ, ಅವರಿಗೆ ವಯಸ್ಸಾಯ್ತು…”

“ಅದನ್ನೇ ನಾನೂ ಹೇಳೋದು! ನಮ್ಮ ಅಳಿಯ ನಾಗಭೂಷಣ ಇದಾನಲ್ಲ, ಗಂಟಲು ಕಂಚು. ಇಡೀ ಕಾವ್ಯ ಬರತ್ತೆ. ಅಯ್ನೋರಿಗೆ ತಿಳಿಹೇಳಿ, ಅವರೇ ಪೀಠ ಬಿಡಲಿ. ನಾನು ಯಾರಿಗೂ ಬಾಯಿ ಬಿಡಲ್ಲ. ಬಿಡದೆ ಬಂದು ಅವತ್ತು ನಿಂತರೋ, ಚಾಕು ನನ್ನ ಕೈಲಿರತ್ತೆ. ಸುಲಿಯದೆ ಇರೋಕಾಗಲ್ಲ.”

ನಾಗಭೂಷಣನ ಓದನ್ನು ನಾನು ಕೇಳಿದ್ದೆ. ಗಂಟಲು ನಿಜವಾಗಿ ಕಂಚೇ. ಆದರೆ ಅವನು ತಾಯಿಯ ಅಳಲನ್ನೂ ಸೈನ್ಯ ಹೊರಡಿಸುವ ಹಾಗೆ ಹೇಳುತ್ತಿದ್ದ. ಚಿದಂಬರಯ್ಯನವರಿಗೆ ಗೌಡರ ಮಾತನ್ನು ಮುಟ್ಟಿಸಿದೆ. ಅವರು “ಪೀಠ ಬಿಟ್ಟು ಸಂಜೆ ಹೊತ್ತು ನಾನೇನು ಮಾಡಲಿ ಅಂಬುಜಾ?” ಎಂದರು. ಇದ್ದ ಒಂದು ಅಭ್ಯಾಸದ ಜಾಗವೂ ಹೋಯಿತು. ಮುಗಿಯುವ ದಿನದವರೆಗೆ ಅವರು ನನ್ನ ಅಂಗಳಕ್ಕೆ ಬರಲಿಲ್ಲ.

ಆ ದಿನ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬರಲಾಗದ ಮುದುಕರು, ಬಾಣಂತಿಯರು, ಒಲೆ ಬಿಟ್ಟೇಳಲಾಗದವರು ತಮ್ಮ ತಮ್ಮ ಮರದ ಕೆಳಗಿದ್ದರು. ಅವರ ಕೆಮ್ಮು, ಮಕ್ಕಳ ಅಳು ಚಾವಡಿಯ ಮರದಲ್ಲಿ ಆಗಾಗ ಕೇಳುತ್ತಿತ್ತು. ಪಂಕಜ ಅತ್ತೆಯ ಕಾಲುನೋವಿನ ದೆಸೆಯಿಂದ ಮನೆಯಲ್ಲೇ ಉಳಿದಿದ್ದಳು. ನಾನು ಪೀಠದ ಹತ್ತಿರದ ಕಲ್ಲುಕಂಬಕ್ಕೆ ಒರಗಿ ಕೂತಿದ್ದೆ. ಗೌಡರು ಎದುರಿಗೆ, ಕೈಯಲ್ಲಿ ಕೆಂಪು ಸೇಬು. ಅವರ ಹಿಂದೆ ನಾಗಭೂಷಣ ಹೊಸ ಶಲ್ಯ ಹೊದ್ದು ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಚಿದಂಬರಯ್ಯನವರು ಎತ್ತಿದರು. ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ಗೌಡರ ಕಣ್ಣು ಕೂಡ ತೇವವಾಯಿತು. ಹರಕೆ ಬಂತು, ಕಾಡು ಕಳೆಯಿತು, ಹೊಳೆ ಬಂತು. ತಾಯಿ ನೀರಿಗಿಳಿದಳು. ಎಳೆಯ ಮಗುವಿನ ಕರೆಯ ಕೇಳಿದಳು.

ನಿಂತಿತು.

ಗೌಡರು ಒಮ್ಮೆ ನಿಟ್ಟುಸಿರು ಬಿಟ್ಟು ಚಾಕುವನ್ನು ಹಣ್ಣಿಗೆ ತಾಗಿಸಿದರು. ಸಿಪ್ಪೆ ಒಂದು ಸುತ್ತು ಬಿಚ್ಚಿತು. ಚಾವಡಿಯಲ್ಲಿ ಸದ್ದಿಲ್ಲ, ಮರದಲ್ಲೂ ಇಲ್ಲ. ಚಿದಂಬರಯ್ಯನವರ ಕಣ್ಣು ನೆಲದಲ್ಲಿ ಹುಡುಕುತ್ತಿತ್ತು. ಇನ್ನೊಂದು ಸುತ್ತು. 

ನಾನು ಎದ್ದು ನಿಂತೆ. ಹುಟ್ಟಿದಾಗಿನಿಂದ ಆ ಚಾವಡಿಯಲ್ಲಿ ಬಾಯಿ ತೆರೆದವಳಲ್ಲ. ಮನಸ್ಸಿನಲ್ಲೇ ಕ್ಷಮಾಪಣೆ ಕೇಳಿ, ಗಟ್ಟಿಯಾಗಿ ಹೇಳಿದೆ: “ಅಳಲ ನುಂಗುತ ಕುಳಿತಳೊಂದೇ ಗಳಿಗೆ ತಾ!”

ಊರಿನ ಎಲ್ಲ ಅಂಗಳಗಳಲ್ಲಿ ನನ್ನ ತಪ್ಪು ಮೊಳಗಿತು. ಚಾವಡಿಯಲ್ಲಿ ಕಿಸಕ್ಕನೆ ನಕ್ಕರು. ಚಿದಂಬರಯ್ಯನವರು ನನ್ನನ್ನು ನೋಡಿ ತಲೆದೂಗಿದರು, ಅಷ್ಟೇ. ಬೇಸಿಗೆಯೆಲ್ಲ ಅದೇ ತಪ್ಪನ್ನು ಕೇಳಿ ಕೇಳಿ ಅವರಿಗೆ ಅದು ಒಗ್ಗಿಹೋಗಿತ್ತು, ಸಿಟ್ಟೇ ಬರಲಿಲ್ಲ. ಸಿಪ್ಪೆ ಗೌಡರ ಮೊಣಕಾಲಿಗಿಳಿದಿತ್ತು.

ಆಗ ಮರದಲ್ಲಿ ಪಂಕಜನ ದನಿ ಬಂತು. “ಕುಳಿತಳಲ್ಲ ಅಂಬುಜಕ್ಕ, ‘ಮಲಗಿ’ ಅಂತ ಬರತ್ತೆ. ‘ಅಳಲ ನುಂಗುತ ಮಲಗಿ’!”

“ಮಲಗೋಕೆ ಅದೇನು ನಿಮ್ಮನೆ ಹಾಸಿಗೆನಾ?” ಇನ್ನೊಂದು ಅಂಗಳದಿಂದ ಮುದುಕರೊಬ್ಬರ ದನಿ. “ಅದು ಅಳಲು ಅಲ್ಲಮ್ಮ, ‘ಅವಲ ನುಂಗುತ’. ಹಸಿವಾಗಿತ್ತು, ಬುತ್ತಿ ತಿಂದಳು.”

“ಹೊಳೇಲಿ ಅವಲಕ್ಕಿ ತಿಂತಾರಾ?” ಪಂಕಜನ ಅತ್ತೆ. “ಈಜಿದಳು ಅಂತ ನಾನು ಚಿಕ್ಕವಳಿದ್ದಾಗಿಂದ ಕೇಳಿದೀನಿ.”

ದ್ಯಾವಣ್ಣ ಚಾವಡಿಯ ಬಾಗಿಲಿಂದ ಕೂಗಿದ: “ಈಜಿದ್ರೆ ಹರಕೆ ಗಂಟು ಒದ್ದೆ ಆಗಲ್ವಾ? ಅವಳು ದೋಣೀಲಿ ಹೋಗಿದ್ದು!”

“ಮುಚ್ಚಿ ಬಾಯಿ!”

ಪೀಠದ ಮೇಲೆ ಚಿದಂಬರಯ್ಯನವರು ಎದ್ದು ನಿಂತಿದ್ದರು. “ಅವಲಕ್ಕಿಯಂತೆ! ದೋಣಿಯಂತೆ! ನಲವತ್ತು ವರ್ಷ ನಾನು ಹೇಳಿದ್ದು ನಿಮಗೆ ಇದೇನಾ ಕೇಳಿಸಿದ್ದು? ಅಳಲ ನುಂಗುತ ನಿಂತಳೊಂದೇ ಗಳಿಗೆ ತಾ! ನಿಂತಳು! ಮಗು ಕರೀತು, ಹೊಳೆ ಎಳೀತು, ಅವಳು ನಿಂತಳು!” ಬೈಯುತ್ತ ಬೈಯುತ್ತಲೇ ಅವರ ದನಿ ಏರಿತು, ಎಲ್ಲಿ ಬೈಗುಳ ಮುಗಿದು ಎಲ್ಲಿ ರಾಗ ಶುರುವಾಯಿತು ಎಂದು ನನ್ನ ಕಿವಿಗೂ ತಿಳಿಯಲಿಲ್ಲ. ಆ ಆರ್ಭಟಕ್ಕೆ ಗೌಡರ ಕೈ ಜಗ್ಗಿ ಸಿಪ್ಪೆ ತುಂಡಾಗಿ ಬಿತ್ತು. ಯಾರೂ ಅದನ್ನು ನೋಡಲಿಲ್ಲ. ತಾಯಿ ಹೊಳೆ ದಾಟುತ್ತಿದ್ದಳು. ನಾನು ಕೂತು ಕಣ್ಣು ಮುಚ್ಚಿಕೊಂಡೆ.

ಕಾವ್ಯ ಮುಗಿದು ಮಂಗಳವಾಯಿತು. ಜನ ಎದ್ದೇಳುವ ಮೊದಲೇ ಗೌಡರು, “ಒಂದು ನಿಮಿಷ! ಪದ ಎತ್ತಿಕೊಡಬಾರದು ಅಂತ ನಿಯಮ ಇದೆ” ಎಂದರು.

“ಇದೆ ಗೌಡ್ರೆ,” ಅಂದೆ. “ಯಾರು ಎತ್ತಿಕೊಟ್ರು? ನಾವು ಯಾರೂ ಸರಿಯಾಗಿ ಹೇಳಲೇ ಇಲ್ಲವಲ್ಲ.”

ಚಾವಡಿ ನಕ್ಕಿತು. ಮರವೂ ನಕ್ಕಿತು. ಗೌಡರು ಮರದತ್ತ ಒಮ್ಮೆ, ತುಂಡಾದ ಸಿಪ್ಪೆಯತ್ತ ಒಮ್ಮೆ ನೋಡಿ ತಾವೂ ನಕ್ಕುಬಿಟ್ಟರು. ಅವರು ಕೆಟ್ಟ ಮನುಷ್ಯರಲ್ಲ. ಎದ್ದು ಪೀಠದ ಹತ್ತಿರ ಹೋಗಿ, ಸುಲಿದ ಸೇಬನ್ನು ಎರಡೂ ಕೈಯಲ್ಲಿ ಚಿದಂಬರಯ್ಯನವರ ಮುಂದೆ ಹಿಡಿದು, ಪ್ರೀತಿಯಿಂದಲೇ ಕೇಳಿದರು.

“ಅಯ್ನೋರೆ, ಈ ವರ್ಷ ನಿಮ್ಮದೇ ಆಯ್ತು, ಸಂತೋಷ. ನಿಮಗೂ ದಣಿವಾಗಿದೆ. ಮುಂದಿನ ವರ್ಷಕ್ಕಾದ್ರೂ ಪೀಠ ನಮ್ಮ ನಾಗಭೂಷಣನಿಗೆ ಬಿಟ್ಟುಕೊಡಿ. ನೀವು ಪಕ್ಕದಲ್ಲಿ ಕೂತು ತಿದ್ದಿ. ಊರಿನ ಪರವಾಗಿ ಕೇಳ್ತಾ ಇದೀನಿ.”

ಚಿದಂಬರಯ್ಯನವರು ಸೇಬು ತೆಗೆದುಕೊಂಡರು. ಇದ್ದ ಹಲ್ಲುಗಳಿಂದ ಒಂದು ತುಂಡು ಕಚ್ಚಿ, ನಿಧಾನವಾಗಿ ಅಗಿದು ನುಂಗಿದರು. ಆಮೇಲೆ ಮರದ ಹತ್ತಿರಕ್ಕೆ ಬಾಗಿ, ಬಾಣಂತಿಯರಿಗೂ ಮುದುಕರಿಗೂ ಸ್ಪಷ್ಟವಾಗಿ ಕೇಳುವ ಹಾಗೆ ಹೇಳಿದರು:

“ಬಿಡೋದಿಲ್ಲ.”